ಗೇಣು ಸಾಲದ ಕೈ

ಪಂಚಮಿ ಹಬ್ಬದ ಮುಂದ ಬಳಿ ಇಡಿಸಿಕೊಳ್ಳಲಿಕ್ಕೆ ಹೋಗೋದು ನಮ್ಮ ಓಣಿಯವರಿಗೆ ಒಂದು ಸಂಭ್ರಮ, ನಿಮಗೆಲ್ಲಾ ಗೊತ್ತಿದ್ದದ್ದೇ. ಅಂಗಡಿಯಂವ ನನ್ನ ಕೈ ನೋಡಿದ ಕೂಡ್ಲೇ, "ಅಕ್ಕಾರ, ನಿಮ್ಮದು ಎರಡು-ಎರಡು. ತಡೀರಿ, ಹುಡುಗ್ಯಾರ ಡಬ್ಬಿ ತೆಗಿತೀನಿ" ಅಂತಾನ. ಎದುರು ಮನಿ ವೈನಿಯವರದು ಎರಡು-ಎಂಟು. ಅವರು ಬಾಯಿಗೆ ಸೆರಗು ಹಿಡಕೊಂಡು ನಗತಾರ. ನಾನೂ ನಗತೀನಿ.

ಐವತ್ತು ವರ್ಷ ಈ ಸಣ್ಣ ಕೈ ನನಗ ಯಾವ ತ್ರಾಸೂ ಕೊಟ್ಟಿರಲಿಲ್ಲ. ಉಪ್ಪಿನಕಾಯಿ ಭರಣಿ ತಳದ ತನಕ ಸಲೀಸಾಗಿ ಹೋಗ್ತದ. ರೊಟ್ಟಿ ಬಡಿಯುವಾಗ ಮಾತ್ರ ನಮ್ಮ ಅತ್ತಿಯವರು, "ಇಕಿ ಕೈಯಾಗ ರೊಟ್ಟಿ ದೊಡ್ಡದಾಗಬೇಕಂದ್ರ ಎರಡು ಕಟ್ಟು ಹೆಚ್ಚು ಬಡೀಬೇಕು" ಅಂತ ಚೇಷ್ಟಿ ಮಾಡ್ತಿದ್ರು, ಅಷ್ಟ. ಖರೇ ತ್ರಾಸ ಸುರು ಆದದ್ದು ಪಿಯಾನೊದಿಂದ.

ನಮ್ಮ ಮನ್ಯಾಗ ಪಿಯಾನೊ ಹೆಂಗ ಬಂತು ಅಂತ ಕೆಲವರು ಕೇಳ್ತಿರ್ತೀರಿ. ನಮ್ಮವರ ಬ್ಯಾಂಕಿನ ನೌಕರಿ ಮ್ಯಾಲೆ ನಾವು ಹನ್ನೆರಡು ವರ್ಷ ಪುಣೆಯೊಳಗ ಇದ್ವಿ. ಅಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹುಡುಗರೆಲ್ಲಾ ಪಿಯಾನೊ ಕ್ಲಾಸಿಗೆ ಹೋಗ್ತಿದ್ರು. ನಮ್ಮ ಮಗಳನ್ನೂ ಕಳಿಸಿದೆ. 88 ಮನಿ ಇದ್ದ ಡಿಜಿಟಲ್ ಪಿಯಾನೊ ಕಂತಿನ ಮ್ಯಾಲೆ ತಂದ್ವಿ. ಅಕಿ ಪರೀಕ್ಷಾ ಮ್ಯಾಲೆ ಪರೀಕ್ಷಾ ಪಾಸಾಗಿ ಹದಿಮೂರನೇ ವಯಸ್ಸಿಗೆ ಐದನೇ ಗ್ರೇಡಿಗೆ ಬಂದಳು. ಅಲ್ಲಿ ಗಾಡಿ ನಿಂತಿತು.

ಯಾಕ ನಿಂತಿತು ಅನ್ನೋದು ತಿಳೀಬೇಕಂದ್ರ ಒಂದು ಮಾತು ಹೇಳಬೇಕು. ನಮ್ಮ ಭಜನೀ ಮಂಡಳಿ ಪೇಟಿ ನೋಡೀರಲ್ಲ? ಎಡಗೈ ಭಾತೆ ಒತ್ತತದ, ಬಲಗೈ ಹಾಡಿನ ಬೆನ್ನು ಹತ್ತಿ ಒಂದೊಂದೇ ಸ್ವರ ಹಿಡೀತದ. ಅಲ್ಲಿ ಕೈ ದೊಡ್ಡದಿದ್ರೇನು, ಸಣ್ಣದಿದ್ರೇನು? ಪಿಯಾನೊ ಹಂಗಲ್ಲ. ಎರಡೂ ಕೈ ಒಂದೇ ಹೊತ್ತಿಗೆ ಎರಡು, ಮೂರು, ನಾಲ್ಕು ಸ್ವರ ಕೂಡಿಸಿ ನುಡಿಸಬೇಕು. ಕೆಳಗಿನ ಸಾ ಮ್ಯಾಲೆ ಕಿರುಬೆರಳು, ಮ್ಯಾಲಿನ ಸಾ ಮ್ಯಾಲೆ ಹೆಬ್ಬಟ್ಟು ಇಟ್ಟು ಎರಡನ್ನೂ ಒಮ್ಮೆಲೇ ಒತ್ತಬೇಕು. ಅದಕ್ಕ ಆಕ್ಟೇವ್ ಅಂತಾರ. ಪಿಯಾನೊದ ಒಂದು ಬಿಳಿ ಮನಿ ಸುಮಾರು ಎರಡು ಸೆಂಟಿಮೀಟರಿಗಿಂತ ಚೂರು ಹೆಚ್ಚು ಅಗಲ. ಸಾ ಇಂದ ಸಾ ತನಕ ಹದಿನಾರೂವರೆ ಸೆಂಟಿಮೀಟರ್. ಅದನ್ನೂ ದಾಟಿ ರೀ, ಗ ತನಕ ಚಾಚಬೇಕಂದ್ರ ಹತ್ತೊಂಬತ್ತು, ಇಪ್ಪತ್ತೊಂದು. ಅಂದ್ರ ಒಂದು ಭರ್ತಿ ಗೇಣು. ಯಾರ ಗೇಣು ಅನ್ನೋದ ಪ್ರಶ್ನಿ.

ಮಗಳ ಐದನೇ ಗ್ರೇಡಿನ ಹಾಡಿನ್ಯಾಗ ಎಡಗೈ ತುಂಬ ಆಕ್ಟೇವ್. ಅಕಿ ಕೈ ನನ್ನ ಕೈಯೇ, ಅದೇ ಎರಡು-ಎರಡು. "ಅಮ್ಮಾ, ನಿಲುಕೂದಿಲ್ಲ. ಕೈ ನೋಯಸ್ತದ" ಅಂತಿದ್ಲು. ನಾನು ಪಕ್ಕದಾಗ ಸ್ಟೂಲ್ ಹಾಕ್ಕೊಂಡು ಕೂತು, "ಚಾಚು, ಇನ್ನೊಂದು ಚೂರು ಚಾಚು. ಚಾಚಿದ್ರ ಬರ್ತದ" ಅಂತಿದ್ದೆ. ಒಂದು ದಿನ ಅಕಿ ಹೆಬ್ಬಟ್ಟು, ಕಿರುಬೆರಳು ನನ್ನ ಎರಡೂ ಕೈಲೇ ಹಿಡಿದು ಎಳೆದು ಮನಿ ಮ್ಯಾಲೆ ಇಟ್ಟೆ. ಹುಡುಗಿ ಚೀರಿದ್ಲು. "ನಾಟಕ ಸಾಕು" ಅಂದೆ. ಈ ಮಾತು ಬರೀಲಿಕ್ಕೆ ನನಗ ಇವತ್ತೂ ನಾಚಿಕಿ ಬರ್ತದ, ಆದ್ರೂ ಬರೀತೀನಿ.

ಪರೀಕ್ಷಾ ಒಂದು ತಿಂಗಳ ಇದ್ದಾಗ ಅಕಿ ಕ್ಲಾಸ್ ಬಿಟ್ಟಳು. ಕಟ್ಟಿದ ಫೀ ಹೋತು ಅಂತ ನಾನು ಎಂಟು ದಿನ ಅಕಿ ಜೋಡಿ ಸರಿಯಾಗಿ ಮಾತಾಡಲಿಲ್ಲ. ಆಮ್ಯಾಲೆ ಪಿಯಾನೊದ ಮ್ಯಾಲೆ ಒಂದು ಕಸೂತಿ ಬಟ್ಟಿ ಬಿತ್ತು, ಬಟ್ಟಿ ಮ್ಯಾಲೆ ಇಸ್ತ್ರಿ ಮಾಡಿದ ಅರಿವಿ ಬಿದ್ದವು. ಧಾರವಾಡಕ್ಕ ವಾಪಸ್ ಬಂದಾಗ ಅದೂ ಲಾರಿಯೊಳಗ ಬಂತು. ಮಗಳು ಓದಿ ಮುಗಿಸಿ ಬೆಂಗಳೂರಿಗೆ ನೌಕರಿಗೆ ಹೋದಳು. ಬಟ್ಟಿ ಹಂಗ ಇತ್ತು.

ಐವತ್ತೆರಡನೇ ವರ್ಷಕ್ಕ ನನಗ ಕಲೀಬೇಕು ಅನ್ನಿಸಿತು. ಮಧ್ಯಾಹ್ನ ಎಲ್ಲಾರೂ ಉಂಡು, ಭಾಂಡಿ ಬೆಳಗಿ ಇಟ್ಟ ಮ್ಯಾಲೆ ಮನಿ ಭಾಳ ದೊಡ್ಡದು ಅನ್ನಸ್ತದಲ್ಲ, ಆ ಹೊತ್ತು ತುಂಬಿಸಲಿಕ್ಕೆ. ನಮ್ಮವರು, "ಮಂಡಿ ನೋವಿಗೆ ಎಣ್ಣಿ ತಿಕ್ಕೋ ವಯಸ್ಸಿನ್ಯಾಗ ಪಿಯಾನೊನ?" ಅಂದ್ರು. ಆದ್ರೂ ತಾವೇ ಹುಡುಕಿ ಒಬ್ಬ ಟೀಚರ್ ಕಡೆ ಕರಕೊಂಡು ಹೋದ್ರು. ಅವರು ಚರ್ಚಿನ್ಯಾಗ ನುಡಿಸ್ತಾರ, ನನಗಿಂತ ಹತ್ತು ವರ್ಷ ದೊಡ್ಡವರು.

ಎರಡು ವರ್ಷ ಸುಖವಾಗಿ ಹೋತು. ಬೇಥೋವನ್ನರ 'ಫ್ಯೂರ್ ಎಲೀಝ್' ಮೊದಲ ಭಾಗ ಕಲತೆ. ಅದರಾಗ ಎಡಗೈ ಆಕ್ಟೇವಿನಷ್ಟು ದೂರ ಹೋಗ್ತದ, ಆದ್ರ ಒಂದಾದ ಮ್ಯಾಲೆ ಒಂದು ಸ್ವರ. ಕೈ ಅದರ ಜೋಡಿ ಸರಕೊಂತ ಹೋಗಬಹುದು, ಚಾಚಬೇಕಾಗಿಲ್ಲ. ಆಮ್ಯಾಲೆ ಮಗಳ ಹಳೇ ಪುಸ್ತಕ ಕಪಾಟಿನ್ಯಾಗ ಸಿಕ್ಕಿತು. ಆ ಐದನೇ ಗ್ರೇಡಿನ ಹಾಡು. ಟೀಚರಿಗೆ ಹೇಳಲಾರದ ನಾನೇ ಸುರು ಮಾಡಿದೆ. ಮಗಳಿಗೆ ಹೇಳಿದ ಮಾತು ನನಗ ನಾ ಹೇಳಿಕೊಂಡೆ: ಚಾಚು, ಚಾಚಿದ್ರ ಬರ್ತದ.

ಇಪ್ಪತ್ತು ದಿನಕ್ಕ ಹೆಬ್ಬಟ್ಟಿನ ಬುಡದಿಂದ ಮುಂಗೈ ತನಕ ಸೆಳೆತ ಸುರು ಆತು. ಒಂದು ಮುಂಜಾನೆ ಜ್ವಾಳದ ಹಿಟ್ಟು ನಾದಲಿಕ್ಕೆ ಕೂತೆ, ಕೈ ಏಳಲಿಲ್ಲ. ಹಿಟ್ಟು ಪರಾತದಾಗ ಹಂಗ ಕೂತಿತು, ನಾನೂ ಹಂಗ ಕೂತೆ. ಮೂವತ್ತು ವರ್ಷದಾಗ ಒಂದು ದಿನಾನೂ ನನ್ನ ಕೈ ನನಗ ಇಲ್ಲ ಅಂದಿರಲಿಲ್ಲ. ಡಾಕ್ಟರರು ಹೆಬ್ಬಟ್ಟಿನ ಸ್ನಾಯುಗಳಿಗೆ ಪೆಟ್ಟಾಗೇದ, ಮೂರು ವಾರ ಪೂರ್ತಿ ವಿಶ್ರಾಂತಿ ಅಂದ್ರು. ಮೂರು ವಾರ ರೊಟ್ಟಿ ಹೊರಗಿನಿಂದ ಬಂದವು. ಆ ಮೂರು ವಾರ ಪಟ್ಟಿ ಕಟ್ಟಿದ ಕೈ ತೊಡಿ ಮ್ಯಾಲೆ ಇಟಗೊಂಡು ಕೂತಾಗ ಒಂದೇ ನೆನಪು: ಹುಡುಗಿ ಚೀರಿದ್ದು. ಅದು ನಾಟಕ ಆಗಿರಲಿಲ್ಲ. ಇದೇ ನೋವು. ಹದಿಮೂರು ವರ್ಷದ ಕೂಸಿಗೆ.

ಟೀಚರಿಗೆ ಗೊತ್ತಾದಾಗ ಬೈದ್ರು. ಆಮ್ಯಾಲೆ ಒಂದು ಅಳತಿ ಪಟ್ಟಿ ತಂದು ನನ್ನ ಗೇಣು ಅಳದ್ರು. ಹದಿನೇಳೂವರೆ ಸೆಂಟಿಮೀಟರ್. "ನೋಡ್ರಿ, ಆಕ್ಟೇವ್ ನಿಮಗ ಮನಿಯ ಅಂಚಿನ್ಯಾಗಷ್ಟ ಸಿಗ್ತದ. ಅದರಾಚೆ ನಿಮ್ಮ ಎಲುಬು ಹೋಗೂದಿಲ್ಲ. ಇದು ಆಲಸ್ಯಲ್ಲ, ಅಳತಿ" ಅಂದ್ರು.

ಅವತ್ತು ಅವರು ಹೇಳಿದ ಕಥಿಗಳು ನನಗ ಭಾಳ ಧೈರ್ಯ ಕೊಟ್ಟವು. ಜರ್ಮನಿಯ ರಾಬರ್ಟ್ ಶೂಮನ್ ಹರೇದಾಗ ತಮ್ಮ ಬಲಗೈ ಕೆಡಿಸಿಕೊಂಡು ನುಡಿಸೋದನ್ನ ಬಿಟ್ಟು ಹಾಡು ಬರೆಯೋದಕ್ಕ ತಿರುಗಿದ್ರಂತ. ಬೆರಳು ಗಟ್ಟಿ ಮಾಡಲಿಕ್ಕೆ ಏನೋ ಸಾಧನ ಬಳಸಿದ್ದೇ ಕಾರಣ ಅಂತ ಹೇಳ್ತಾರ. ಅವರ ಹಾಡುಗಳನ್ನ ಊರೂರಿಗೆ ಮುಟ್ಟಿಸಿದಾಕಿ ಅವರ ಹೆಂಡ್ತಿ ಕ್ಲಾರಾ. ಇನ್ನ ಸ್ಪೇನಿನ ಅಲಿಸಿಯಾ ದೆ ಲಾರೋಚಾ ಅಂತ ಒಬ್ಬಾಕಿ, 1923ರಾಗ ಬಾರ್ಸಿಲೋನಾದಾಗ ಹುಟ್ಟಿದಾಕಿ. ಐದು ಅಡಿ ಎತ್ತರನೂ ಇರಲಿಲ್ಲ, ಕೈ ಸಣ್ಣವು, ಆದ್ರ ಜಗತ್ತೆಲ್ಲಾ ನುಡಿಸಿ ಬಂದ್ಲು. ಜೋಸೆಫ್ ಹಾಫ್‌ಮನ್ ಅಂತ ಇನ್ನೊಬ್ಬರು. ರಖ್ಮಾನಿನಾಫ್ ಅನ್ನೋ ಉದ್ದ ಬೆರಳಿನ ಮಹಾನುಭಾವರು ತಮ್ಮ ಮೂರನೇ ಕಾನ್ಚೆರ್ಟೊ ಅವರಿಗೇ ಅರ್ಪಣಾ ಮಾಡಿದ್ರು. ಆ ಹಾಫ್‌ಮನ್‌ರ ಕೈ ಸಣ್ಣದು ಅಂತ ಸ್ಟೈನ್‌ವೇ ಕಂಪನಿಯವರು ಅವರಿಗಾಗೇ ಕಿರಿದು ಮನಿಯ ಪಿಯಾನೊ ಮಾಡಿಕೊಟ್ಟಿದ್ರು!

ನಾನು ವಿಚಾರ ಮಾಡಿದೆ. ಬಳಿಗೆ ಎರಡು-ಎರಡು, ಎರಡು-ನಾಕು, ಎರಡು-ಆರು ಅಂತ ಅಳತಿ ಅವ. ಚಪ್ಪಲಿಗೆ ಅವ. ಪಿಯಾನೊಕ್ಕ ಮಾತ್ರ ಜಗತ್ತಿಗೆಲ್ಲಾ ಒಂದೇ ಅಳತಿ, ಅದೂ ದೊಡ್ಡ ಕೈಗೆ ಹೊಂದೋದು. ಈಗ ಅಮೇರಿಕಾದ ಪೆನ್ಸಿಲ್ವೇನಿಯಾದಾಗ ಸಾ ಇಂದ ಸಾ ತನಕ ಐದೂವರೆ ಇಂಚು ಬರೋ ಹಂಗ ಕಿರಿದು ಮನಿ ಮಾಡ್ತಾರಂತ. ಅಲ್ಲಿಂದ ನಮ್ಮ ಓಣಿಗೆ ಅದು ಯಾವಾಗ ಬರಬೇಕು! ಇದ್ದದ್ದರಾಗ ಸಂಸಾರ ಮಾಡೋದು ನಮಗ ಯಾರೂ ಕಲಿಸಬೇಕಾಗಿಲ್ಲಲ್ಲ.

ಟೀಚರ್ ಕಲಿಸಿದ್ದು ನಾಕು ಉಪಾಯ. ಮನ್ಯಾಗ ಯಾರರೆ ಹುಡುಗರು ಕಲೀತಿದ್ರ ನಿಮಗೂ ಬೇಕಾಗ್ತದ ಅಂತ ಬರೀತೀನಿ.

ಒಂದು, ಎಲ್ಲಾ ಸ್ವರ ಒಮ್ಮೆಲೇ ಹಿಡಿಯೋದು ಬ್ಯಾಡ. ಕೆಳಗಿನಿಂದ ಮ್ಯಾಲೆ ಗರಗರ ಉರುಳಿಸಿಬಿಡೋದು, ತಂಬೂರಿ ತಂತಿ ಮೀಟಿಧಂಗ, ಆದ್ರ ಭಾಳ ಲಗೂನ. ಕಿವಿಗೆ ಕೂಡೇ ಕೇಳಸ್ತದ.

ಎರಡು, ಕಾಲಿನ ಸಹಾಯ ತಗೊಳ್ಳೋದು. ಪಿಯಾನೊದ ಕೆಳಗ ಬಲಗಡೆ ಪೆಡಲ್ ಇರ್ತದ. ಕೆಳಗಿನ ಸ್ವರ ಹೊಡೆದು ಪೆಡಲ್ ಒತ್ತಿದ್ರ, ಕೈ ತೆಗೆದ್ರೂ ಸ್ವರ ನಿಂತಿರ್ತದ. ಅಷ್ಟರಾಗ ಕೈ ಆರಾಮಾಗಿ ಮ್ಯಾಲಿನ ಸ್ವರಕ್ಕ ಹೋಗಬಹುದು. ಒಂದು ಒಲಿ ಮ್ಯಾಲೆ ಸಾರು ಕುದೀಲಿಕ್ಕೆ ಬಿಟ್ಟು ಇನ್ನೊಂದರ ಮ್ಯಾಲೆ ಒಗ್ಗರಣಿ ಹಾಕಿಧಂಗ.

ಮೂರು, ಎಡಗೈಗೆ ನಿಲುಕಲಾರದ ಸ್ವರ ಬಲಗೈ ಬಿಡುವಿದ್ರ ಅದಕ್ಕ ಕೊಡೋದು. ಇಲ್ಲಾ, ಎರಡೆರಡು ಕಡೆ ಬಂದ ಒಂದೇ ಸ್ವರ ಒಂದು ಕಡೆ ಬಿಟ್ಟುಬಿಡೋದು. ಹಾಡು ಅದಕ್ಕೇನೂ ಸಿಟ್ಟಾಗೂದಿಲ್ಲ.

ನಾಕು, ಆಕ್ಟೇವ್ ಹೊಡೆದ ಕೂಡ್ಲೇ ಕೈ ಮುಚ್ಚಿ ಸಡ್ಲ ಬಿಡೋದು. ಚಾಚಿದ ಕೈಯನ್ನ ಚಾಚಿದಂಗೇ ಇಟಗೊಂಡು ಮುಂದಿನ ಸ್ವರಕ್ಕ ಹೋಗೋದೇ ನೋವಿನ ಮೂಲ. ನೋವು ಬಂತಂದ್ರ ಅಲ್ಲೇ ನಿಲ್ಲಿಸೋದು.

ಇಷ್ಟಾದ ಮ್ಯಾಲೆ ಟೀಚರ್ ಒಂದು ಕಾಗದ ತೋರಿಸಿದ್ರು. ಲಂಡನ್ನಿನ ಎಬಿಆರ್‌ಎಸ್‌ಎಂ ಪರೀಕ್ಷಾದ ನಿಯಮ. ಕೈ ಸಣ್ಣದಿದ್ದವರು ಅಗಲದ ಸ್ವರಗಳನ್ನ ಉರುಳಿಸಬಹುದು, ಬೇಕಾದ್ರ ಒಂದೆರಡು ಸ್ವರ ಬಿಡಬಹುದು, ಹಾಡು ಹಾಡಿನಂಗ ಕೇಳಿದ್ರ ಸಾಕು ಅಂತ ಅದರಾಗ ಅದ. ನಾನು ಎರಡು ಸಲ ಓದಿದೆ. ಪುಣೆಯೊಳಗ ನಮಗ ಇದನ್ನ ಯಾರೂ ಹೇಳಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಕೇಳಬೇಕಾದಾಕಿ ನಾನ ಇದ್ದೆ. ಅದನ್ನ ಬಿಟ್ಟು ಹುಡುಗಿ ಬೆರಳು ಎಳಕೊಂತ ಕೂತೆ.

ದೀಪಾವಳಿಗೆ ಮಗಳು ಬಂದಾಗ, ಕರ್ಚಿಕಾಯಿ ತುಂಬುವಾಗ ಹೇಳಿದೆ. "ಅವತ್ತು ನಿನ್ನ ಕೈ ಎಳೆದದ್ದು ನನ್ನ ತಪ್ಪು. ನಿನಗ ಖರೇನ ನೋಯ್ತಿತ್ತು. ನನಗ ಈಗ ಗೊತ್ತಾತು." ಅಕಿ ಕರ್ಚಿಕಾಯಿ ಅಂಚು ಮಡಚಿಕೋತ ಸುಮ್ಮನ ಕೂತಳು. ಆಮ್ಯಾಲೆ ಅಂದ್ಲು, "ಕೈ ನೋವು ನಾಕು ದಿನಕ್ಕ ಹೋತಮ್ಮಾ. ನೀ ನಂಬಲಿಲ್ಲಲ್ಲ, ಅದು ಭಾಳ ದಿನ ಇತ್ತು."

ನನ್ನ ಹತ್ರ ಉತ್ತರ ಇರಲಿಲ್ಲ. ಎಣ್ಣಿ ಕಾದಿತ್ತು, ಕರ್ಚಿಕಾಯಿ ಬಿಟ್ಟೆ.

ಆ ಸಂಜಿ ಪಣತಿ ಹಚ್ಚಿ ಒಳಗ ಬಂದು ಪಿಯಾನೊದ ಮುಂದ ಕೂತೆ. ಅದೇ ಹಾಡು, ಮೆಲ್ಲಕ, ಕೆಳಗಿನ ಸ್ವರಗಳನ್ನ ಬಿಟಗೊಂತ. ಮಗಳು ಮೊಬೈಲ್ ನೋಡಿಕೋತ ಅಲ್ಲೇ ನಿಂತಿದ್ಲು. ಎರಡನೇ ಸಾಲಿಗೆ ಬಂದಾಗ ನನ್ನ ಎಡಗಡೆ ಬಗ್ಗಿ, ನಾ ಬಿಟ್ಟ ಕೆಳಗಿನ ಸಾ ಒಂದೇ ಬೆರಳಿಲೆ ಒತ್ತಿದ್ಲು. ಮುಂದಿನದನ್ನೂ ಒತ್ತಿದ್ಲು. ಹದಿನಾಲ್ಕು ವರ್ಷ ಆಗಿತ್ತು, ಎಲ್ಲೆಲ್ಲಿ ಬರ್ತದ ಅಂತ ಅಕಿಗೆ ಇನ್ನೂ ನೆನಪಿತ್ತು. ಹಾಡು ಮುಗಿಯೋ ತನಕ ಇಬ್ಬರೂ ಮಾತಾಡಲಿಲ್ಲ. ಮುಗಿದ ಮ್ಯಾಲೆ ಅಕಿ, "ಅಮ್ಮಾ, ಮೂರನೇ ಸಾಲಿನ್ಯಾಗ ತಾಳ ತಪ್ಪಿದಿ" ಅಂದ್ಲು.

ಮತ್ತ ಕಲೀತೀನಿ ಅಂತ ಅಕಿ ಅಂದಿಲ್ಲ, ನಾನೂ ಕೇಳಿಲ್ಲ. ಕಸೂತಿ ಬಟ್ಟಿ ಮಾತ್ರ ಈಗ ಪೂಜಾ ಮಣಿ ಮ್ಯಾಲೆ ಹೋಗ್ಯದ. ಎದುರು ಮನಿ ವೈನಿ ತಮ್ಮ ಮೊಮ್ಮಗಳನ್ನ ಕೀಬೋರ್ಡ್ ಕ್ಲಾಸಿಗೆ ಹಚ್ಚತಾರಂತ. ವೈನಿ, ಹುಡುಗಿ ಕೈ ನೋಯಸ್ತದ ಅಂದ್ರ, ಮೊದಲು ಗೇಣು ಅಳೀರಿ. ಅಳತಿ ಪಟ್ಟಿ ನನ್ನ ಹೊಲಿಗಿ ಡಬ್ಬ್ಯಾಗ ಅದ, ಬಂದು ಒಯ್ಯಿರಿ.