ಐಪ್ಯಾಡ್ ತಾನು ಮ್ಯಾಕ್ ಎಂದಾಗ

ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತುಕೊಳ್ಳಿ. ಎದುರಿಗೆ ಕಪ್ಪು ಟರ್ಮಿನಲ್. ಸರ್ವರ್‌ಗೆ ಬಂದ ಒಂದೊಂದು ರಿಕ್ವೆಸ್ಟೂ ಅದರಲ್ಲಿ ಒಂದೊಂದು ಸಾಲಾಗಿ ಮೂಡುತ್ತಿದೆ. ಮೇಜಿನ ಮೇಲೆ ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನು, ಒಂದು ಐಪ್ಯಾಡು. ಅವಳು ಕಟ್ಟುತ್ತಿರುವುದು ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ತೋರಿಸುವ ಜಾಲತಾಣ. ಮೂಲ ಚಿತ್ರ ಒಂದೊಂದೂ 2400 ಪಿಕ್ಸೆಲ್ ಅಗಲ.

"ಮೊದ್ಲು ಫೋನಲ್ಲಿ ತೆಗೀರಿ," ಅನ್ನುತ್ತಾಳೆ. ನೀವು ಬೆರಳಿಟ್ಟ ಕೂಡಲೇ ಸಾಲು ಬಂತು: 'ಮೊಜಿಲ್ಲಾ/5.0, ಲಿನಕ್ಸ್, ಆಂಡ್ರಾಯ್ಡ್ 10, ಕೆ'. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ 14. ಮಾಡೆಲ್ ಹೆಸರೂ 'ಕೆ' ಅಲ್ಲ. ಜನರ ಜಾಡು ಹಿಡಿಯುವವರಿಗೆ ಸುಳಿವು ಸಿಗದಿರಲಿ ಎಂದು ಕ್ರೋಮ್ 2023ರಿಂದ ಎಲ್ಲ ಆಂಡ್ರಾಯ್ಡ್ ಫೋನುಗಳ ಪರವಾಗಿಯೂ ಇದೊಂದೇ ಪಾಠ ಒಪ್ಪಿಸುತ್ತಿದೆ. ಒಳ್ಳೆಯದೇ ಆಯಿತು. ಆದರೆ ಈ ಸಾಲು ನೋಡಿ ಸಾಧನ ಗುರುತಿಸುತ್ತಿದ್ದ ಸರ್ವರ್‌ಗೆ ಈಗ ತಿಳಿಯುವುದು ಸ್ವಲ್ಪವೇ: ಇದು ಮೊಬೈಲು, ಓದುಗರ ಮೊದಲ ಆಯ್ಕೆ ಕನ್ನಡ, ವೆಬ್‌ಪಿ ಚಿತ್ರ ತೆರೆಯಬಲ್ಲದು. ಪರದೆಯ ಅಗಲ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಅದು ಹಗುರವಾದ ಪುಟ ಕೊಟ್ಟು, ಜೊತೆಗೊಂದು ಹೆಡರ್ ಕಳಿಸುತ್ತದೆ: ಮುಂದಿನ ಸಲ ಪರದೆಯ ಅಗಲ, ಪಿಕ್ಸೆಲ್ ಸಾಂದ್ರತೆ ಎರಡನ್ನೂ ಹೇಳು. ರಿಫ್ರೆಶ್ ಮಾಡಿ. ಈಗ ಸಾಲು ಉದ್ದವಾಗಿದೆ: ಅಗಲ 360, ಸಾಂದ್ರತೆ 2. ಗುಣಿಸಿದರೆ 720. ಸರ್ವರ್ 720 ಪಿಕ್ಸೆಲ್ ಅಗಲದ ಶಿಲಾಬಾಲಿಕೆಯನ್ನು ಕಳಿಸಿತು. ಮೂಲ ಚಿತ್ರವನ್ನೇ ಕಳಿಸಿದ್ದರೆ ಪಿಕ್ಸೆಲ್‌ಗಳು ಸುಮಾರು 11 ಪಟ್ಟು. ದಿನದ ಡೇಟಾ ಮುಗಿದೀತೆಂದು ನೋಡಿ ನೋಡಿ ಬಳಸುವವರಿದ್ದಾರಲ್ಲ, ಈ ಕಷ್ಟವೆಲ್ಲ ಪಡಬೇಕಾದ್ದು ಅವರಿಗಾಗಿಯೇ.

ಬರೀ ಚಿತ್ರದ ಮಾತಾಗಿದ್ದರೆ ಎಚ್‌ಟಿಎಂಎಲ್‌ನ ಸೋರ್ಸ್‌ಸೆಟ್ ಸಾಕಿತ್ತು, ಬ್ರೌಸರ್ ತಾನೇ ಆರಿಸಿಕೊಳ್ಳುತ್ತಿತ್ತು. ಆದರೆ ಮೌಸ್ ಆಡಿಸಿದಲ್ಲೆಲ್ಲ ಶಿಲ್ಪವನ್ನು ಹಿಗ್ಗಿಸಿ ತೋರಿಸುವ ಭಾರಿ ಸ್ಕ್ರಿಪ್ಟು ಫೋನಿಗೆ ಯಾಕೆ? ಪರದೆಯ ಮೇಲೆ ಅದನ್ನು ಮರೆಮಾಡಬಹುದು. ಅಷ್ಟರಲ್ಲಿ ಅದು ಇಳಿದೇ ಬಿಟ್ಟಿರುತ್ತದೆ. ಪುಟದ ಹೊಂದಿಕೆ ಬ್ರೌಸರಿನದು, ಯಾವ ಭಾಗ ಹೋಗಬೇಕೆಂಬ ತೀರ್ಮಾನ ಸರ್ವರಿನದು ಎಂದು 2011ರಲ್ಲೇ ವೆಬ್ ವಿನ್ಯಾಸಕ ಲ್ಯೂಕ್ ರೋಬ್ಲೆವ್‌ಸ್ಕಿ ಎರಡನ್ನೂ ಜೋಡಿಸಿ ಬರೆದಿದ್ದರು.

ಈಗ ಐಪ್ಯಾಡ್ ಎತ್ತಿಕೊಳ್ಳಿ. ಟರ್ಮಿನಲ್‌ನಲ್ಲಿ ಬಂದ ಸಾಲು: 'ಮ್ಯಾಕಿಂಟಾಷ್, ಇಂಟೆಲ್ ಮ್ಯಾಕ್ ಓಎಸ್ ಎಕ್ಸ್'. ಯಾವ ಐಪ್ಯಾಡಿನಲ್ಲೂ ಇಂಟೆಲ್ ಚಿಪ್ ಇದ್ದದ್ದೇ ಇಲ್ಲ! 2019ರ ಐಪ್ಯಾಡ್ ಓಎಸ್ 13ರಿಂದ ಸಫಾರಿ ಡೆಸ್ಕ್‌ಟಾಪ್ ಪುಟ ಸಿಗಲೆಂದು ಹೀಗೆ ಹೇಳಿಕೊಳ್ಳುತ್ತದೆ. ಸರ್ವರ್ ನಂಬಿತು, ಮೌಸ್ ಸ್ಕ್ರಿಪ್ಟನ್ನೂ ಕಳಿಸಿತು. ನೀವು ಮದನಿಕೆಯ ಮೇಲೆ ಬೆರಳಾಡಿಸುತ್ತೀರಿ. ಪುಟ ಮೇಲೆ ಕೆಳಗೆ ಸರಿಯುತ್ತದೆ, ಚಿತ್ರ ಮಾತ್ರ ಹಿಗ್ಗುವುದಿಲ್ಲ.

ಸಫಾರಿ ಆ ಹೆಡರಿನ ಪ್ರಶ್ನೆಗೂ ಉತ್ತರಿಸುವುದಿಲ್ಲ. ಅವಳು ಪುಟದ ತಲೆಯಲ್ಲಿ ನಾಲ್ಕೈದು ಸಾಲು ಜಾವಾಸ್ಕ್ರಿಪ್ಟ್ ಸೇರಿಸುತ್ತಾಳೆ. ಸ್ಪರ್ಶಬಿಂದು ಎಷ್ಟು? ಐಪ್ಯಾಡ್ 5 ಎನ್ನುತ್ತದೆ, ಮ್ಯಾಕ್ ಆಗಿದ್ದರೆ ಸೊನ್ನೆ. ಆದರೂ ಅವಳಿಗೆ ಬೇಕಾದ ಪ್ರಶ್ನೆ ಬೇರೆ: ಚಿತ್ರವನ್ನು ಒತ್ತದೆ ಅದರ ಮೇಲೆ ಸುಮ್ಮನೆ ತೋರುಬಾಣ ನಿಲ್ಲಿಸಬಹುದೇ? ಆಗುವುದಿಲ್ಲ ಎಂದು ಉತ್ತರ. ನನಗೂ ಇದೇ ಸರಿ ಕಾಣುತ್ತದೆ. ಸಾಧನದ ಹೆಸರು ತಿಳಿದು ಮಾಡುವುದೇನಿದೆ, ಅದರಿಂದ ಏನಾಗುತ್ತದೆಂದು ತಿಳಿದರೆ ಸಾಕು. ಆ ಉತ್ತರ ಸಣ್ಣ ಕುಕೀಯಾಗಿ ಕೂತಿತು. ಮುಂದಿನ ಪುಟಕ್ಕೆ ಹೋಗಿ: ರಿಕ್ವೆಸ್ಟಿನ ಜೊತೆ ಕುಕೀಯೂ ಹೋಯಿತು, ಮೌಸ್ ಸ್ಕ್ರಿಪ್ಟು ಬರಲಿಲ್ಲ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಹಿಗ್ಗುತ್ತದೆ.

"ಕ್ಯಾಶ್ ಒಂದು ಉಳೀತು," ಎನ್ನುತ್ತಾಳೆ. ನಡುವಿನ ಕ್ಯಾಶ್ ಸರ್ವರ್ ಐಪ್ಯಾಡಿನ ಪುಟವನ್ನು ಎತ್ತಿಟ್ಟು ಲ್ಯಾಪ್‌ಟಾಪಿಗೂ ಅದನ್ನೇ ಕೊಟ್ಟರೆ ಎಲ್ಲವೂ ವ್ಯರ್ಥ. 360, 393, 412 ಹೀಗೆ ಅಗಲಕ್ಕೊಂದು ಪ್ರತಿ ಇಡಹೊರಟರೆ ಕ್ಯಾಶ್ ಇದ್ದೂ ಇಲ್ಲದಂತೆ. ಅವಳು ಅಗಲಗಳನ್ನು ಮೂರೇ ಗುಂಪು ಮಾಡಿದ್ದಾಳೆ. ಬೆರಳು, ಮೌಸ್ ಸೇರಿ ಒಟ್ಟು ಆರು ಪ್ರತಿ.

ಕೊನೆಗೆ ಫೋನಿನಲ್ಲಿ ಜಾವಾಸ್ಕ್ರಿಪ್ಟ್ ಆಫ್ ಮಾಡಿ, ಕುಕೀ ಅಳಿಸಿ ನಿಮ್ಮ ಕೈಗೆ ಕೊಡುತ್ತಾಳೆ. ಅದೇ ಹಗುರವಾದ ಪುಟ ಬಂತು. ಚಿತ್ರಗಳೆಲ್ಲ ಇವೆ, ಕೊಂಡಿಗಳೆಲ್ಲ ತೆರೆಯುತ್ತಿವೆ. ಅವಳು ಕೋಡ್ ಕಮಿಟ್ ಮಾಡುತ್ತಾಳೆ.