ನಾಲ್ಕು ಡಬ್ಬಿ ಚಟ್ನಿಪುಡಿ

ಬೆಂಗಳೂರಿನಿಂದ ನೇಪಾಳದ ಮುಕ್ತಿನಾಥಕ್ಕೆ ಬೈಕಿನಲ್ಲಿ ಹೋಗೋದು ಅಂತ ತೀರ್ಮಾನ ಆದಾಗ ನಾವು ನಾಲ್ಕು ಜನ ಇದ್ವಿ. ಹಾಸನದವನು, ಮಂಗಳೂರಿನವಳು, ನಮ್ಮ ಟೀಮ್ ಲೀಡ್ ಮತ್ತು ನಾನು. ವಾಟ್ಸಾಪ್ ಗ್ರೂಪ್ ಆಯ್ತು, ಎಕ್ಸೆಲ್ ಶೀಟ್ ಆಯ್ತು, ಜಾಕೆಟ್ ಆರ್ಡರ್ ಮಾಡಿದ್ದೂ ಆಯ್ತು. ಆಮೇಲೆ ಒಬ್ಬೊಬ್ಬರೇ ಉದುರಿದರು. ಹಾಸನದವನ ಹೆಂಡತಿಗೆ ಏಳು ತಿಂಗಳು. ಮಂಗಳೂರಿನವಳಿಗೆ ಮೊಣಕಾಲು ನೋವು. ಟೀಮ್ ಲೀಡ್‌ಗೆ ರಿಲೀಸ್. ಹೊರಡೋಕೆ ಒಂಬತ್ತು ದಿನ ಇರುವಾಗ ಗ್ರೂಪಿನಲ್ಲಿ ಉಳಿದಿದ್ದು ನಾನು ಮತ್ತು ಮೂರು ‘ಸಾರಿ ಕಣೇ’ಗಳು.

ರಜೆ ಮಂಜೂರಾಗಿತ್ತು. ಬೈಕ್ ಸರ್ವೀಸ್ ಆಗಿತ್ತು. ನನಗೆ 32 ವರ್ಷ. ಈಗ ಬಿಟ್ಟರೆ ಇನ್ಯಾವತ್ತೂ ಹೋಗಲ್ಲ ಅಂತ ಗೊತ್ತಿತ್ತು. ಒಬ್ಬಳೇ ಹೊರಡೋದು ಅಂತ ನಿರ್ಧರಿಸಿದೆ. ತಿಪಟೂರಿನಲ್ಲಿರುವ ಅಮ್ಮನಿಗೆ ಮಾತ್ರ ಹೇಳಲಿಲ್ಲ. ಅವಳ ಲೆಕ್ಕದಲ್ಲಿ ನಾವು ನಾಲ್ಕು ಜನ ಹಾಗೇ ಇದ್ವಿ.

ಅದರ ಮೊದಲ ಫಲ ಹೊರಡುವ ವಾರದಲ್ಲೇ ಬಸ್ಸಿನಲ್ಲಿ ಬಂತು. ನಾಲ್ಕು ಸ್ಟೀಲ್ ಡಬ್ಬಿ, ಒಂದೊಂದರಲ್ಲೂ ಅರ್ಧ ಕೆಜಿ ಕೊಬ್ಬರಿ ಚಟ್ನಿಪುಡಿ. ‘ಒಬ್ಬೊಬ್ಬರಿಗೆ ಒಂದೊಂದು, ಕಿತ್ತಾಡಬೇಡಿ’ ಅಂತ ಚೀಟಿ ಬೇರೆ. ಆ ಡಬ್ಬಿಗಳು ಅಜ್ಜಿಯ ಕಾಲದವು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು ಕೆತ್ತಿಸಿದ್ದರು. ಪಾತ್ರೆಗೆ ಹೆಸರು ಹಾಕಿಸದೆ ಮದುವೆ ಮನೆಗೆ ಕಳಿಸಿದರೆ ವಾಪಸ್ ಬರಲ್ಲ ಅನ್ನೋ ಕಾಲ ಅದು. ಎರಡು ಕೆಜಿ ಚಟ್ನಿಪುಡಿ ಹೊತ್ತು ಹಿಮಾಲಯಕ್ಕೆ ಹೊರಟವಳು ನಾನೊಬ್ಬಳೇ ಇರಬೇಕು.

ನವರಾತ್ರಿಯ ಷಷ್ಠಿ ದಿನ ಬೆಳಗ್ಗೆ ನಾಲ್ಕೂವರೆಗೆ ಹೆಬ್ಬಾಳ ದಾಟಿದೆ. ಹೈದರಾಬಾದ್, ನಾಗಪುರ, ಜಬಲ್ಪುರ, ವಾರಾಣಸಿ: ಆ ನಾಲ್ಕು ದಿನದ ಬಗ್ಗೆ ಹೆಚ್ಚು ಹೇಳೋಕೆ ಇಲ್ಲ. ಹೆದ್ದಾರಿ 44 ಚೆನ್ನಾಗಿದೆ, ಬೇಜಾರೂ ಆಗುತ್ತೆ. ಪೆಂಚ್ ಕಾಡಿನಲ್ಲಿ ಮಾತ್ರ ರಸ್ತೆಯನ್ನೇ ಮೇಲಕ್ಕೆತ್ತಿ ಕಟ್ಟಿ, ಕೆಳಗೆ ಪ್ರಾಣಿಗಳು ಓಡಾಡೋಕೆ ದಾರಿ ಬಿಟ್ಟಿದ್ದಾರೆ. ಅಲ್ಲಿ ನಿಧಾನಕ್ಕೆ ಹೋಗಿ. ಸಿವನಿ ದಾಟಿದ ಮೇಲೆ ಹಿಂದಿನ ಚಕ್ರಕ್ಕೆ ಮೊಳೆ ಚುಚ್ಚಿತು. ಪಂಕ್ಚರ್ ಅಂಗಡಿಯ ಮುದುಕ ಟ್ಯೂಬ್ ತೆಗೆಯುತ್ತಾ ‘ಅಕೇಲಿ?’ ಅಂದ. ಹೌದು ಅಂದೆ. ಅವನು ಕೆಲಸ ಬಿಟ್ಟು ಮೊದಲು ನನಗೆ ಕುರ್ಚಿ ಹಾಕಿಸಿದ, ಟೀ ತರಿಸಿದ. ಅವನಿಗೆ ಮೊದಲನೇ ಡಬ್ಬಿ ಕೊಟ್ಟೆ. ಬೇಡ ಅಂದರೂ ಬಿಡಲಿಲ್ಲ.

ದಾರಿಯಲ್ಲಿ ಸಿಕ್ಕ ಎಲ್ಲರಿಗೂ ನಾನು ನಿಜವನ್ನೇ ಹೇಳ್ತಿದ್ದೆ. ಪೆಟ್ರೋಲ್ ಬಂಕ್ ಹುಡುಗನಿಗೆ, ಢಾಬಾದ ಹೆಂಗಸಿಗೆ, ಲಾಡ್ಜ್ ರಿಸೆಪ್ಷನ್‌ನವನಿಗೆ. ಸುಳ್ಳು ಹೇಳ್ತಿದ್ದಿದ್ದು ರಾತ್ರಿ ಎಂಟಕ್ಕೆ, ಕನ್ನಡದಲ್ಲಿ, ಒಬ್ಬಳಿಗೆ ಮಾತ್ರ.

“ಊಟ ಆಯ್ತೇನೇ?”

“ಆಯ್ತಮ್ಮ.”

“ಆ ಮಂಗಳೂರಿನ ಹುಡುಗಿಗೆ ಮೀನು ಸಿಕ್ತಾ?”

“ಸಿಕ್ತು. ಮಲಗಿದಾಳೆ.”

ಸುಳ್ಳಿಗೆ ಒಂದು ಗುಣ ಇದೆ, ದಿನಾ ನೀರು ಹಾಕಬೇಕು. ಆಯುಧ ಪೂಜೆ ದಿನ ವಾರಾಣಸಿಯಲ್ಲಿದ್ದೆ. “ನಾಲ್ಕೂ ಗಾಡಿಗೆ ಪೂಜೆ ಮಾಡಿ ಫೋಟೊ ಕಳಿಸು” ಅಂತ ಅಮ್ಮನ ಅಪ್ಪಣೆ. ಲಾಡ್ಜ್ ಗಲ್ಲಿಯಲ್ಲಿ ನಿಂತಿದ್ದ ಯಾರದೋ ಮೂರು ಬೈಕಿನ ಪಕ್ಕ ನನ್ನದನ್ನು ನಿಲ್ಲಿಸಿ, ನಾಲ್ಕಕ್ಕೂ ಚೆಂಡು ಹೂವು ಸಿಕ್ಕಿಸಿ, ನಂಬರ್ ಪ್ಲೇಟ್ ಕಾಣದ ಹಾಗೆ ಫೋಟೊ ತೆಗೆದೆ. ಒಬ್ಬ ಬೈಕಿನ ಯಜಮಾನ ಬಂದು ನೋಡಿ ಕೈ ಮುಗಿದು ಹೋದ. ಅಮ್ಮ ಹೃದಯದ ಇಮೋಜಿ ಕಳಿಸಿದಳು. ಆವತ್ತು ನಗು ಬಂದಿತ್ತು.

ಗೋರಖಪುರದಿಂದ ಸುನೌಲಿ ಗಡಿಗೆ ಸುಮಾರು ನೂರು ಕಿಲೋಮೀಟರ್. ಗಡಿ ಹತ್ತಿರವಾಯ್ತು ಅಂತ ಬೋರ್ಡಿಗಿಂತ ಮೊದಲು ಲಾರಿಗಳ ಸಾಲು ಹೇಳುತ್ತೆ. ಬೈಕಿನವರು ಪಕ್ಕದಲ್ಲಿ ನುಸುಳಿಕೊಂಡು ಮುಂದೆ ಹೋಗ್ತಾರೆ. ನಮಗೆ ವೀಸಾ ಬೇಡ, ವೋಟರ್ ಐಡಿ ಅಥವಾ ಪಾಸ್‌ಪೋರ್ಟ್ ಸಾಕು. ಆದರೆ ಗಾಡಿಗೆ ಬೇಕು. ಆಚೆ ಬೆಲಹಿಯಾದಲ್ಲಿರುವ ಕಸ್ಟಮ್ಸ್ ಕಚೇರಿಯಲ್ಲಿ ‘ಭನ್ಸಾರ್’ ಅಂತ ಒಂದು ಚೀಟಿ ಮಾಡಿಸಬೇಕು. ಎಷ್ಟು ದಿನ ಇರ್ತೀರೋ ಅಷ್ಟು ದಿನಕ್ಕೆ ಸುಂಕ ಕಟ್ಟಬೇಕು. ಆಮೇಲೆ ಓಡಾಡೋಕೆ ‘ಯಾತಾಯಾತ್’ ಪರ್ಮಿಟ್. ಆರ್‌ಸಿ ನಿಮ್ಮ ಹೆಸರಲ್ಲೇ ಇದ್ದರೆ ತಲೆನೋವಿಲ್ಲ. ನೀವೂ ಹೋಗೋದಾದ್ರೆ ಎರಡು ಮಾತು: ಭನ್ಸಾರ್‌ಗೆ ಒಂದೆರಡು ದಿನ ಹೆಚ್ಚೇ ಕಟ್ಟಿ, ಬೆಟ್ಟದ ರಸ್ತೆ ಯಾವಾಗ ಮುಚ್ಚುತ್ತೆ ಹೇಳೋಕಾಗಲ್ಲ. ನಮ್ಮ ಬೈಕ್ ವಿಮೆ ಭಾರತದೊಳಗೆ ಮಾತ್ರ ನಡೆಯುತ್ತೆ, ನೇಪಾಳಕ್ಕೂ ಅನ್ವಯಿಸಬೇಕು ಅಂದ್ರೆ ಹೊರಡೋ ಮೊದಲೇ ಸ್ವಲ್ಪ ಹಣ ಕಟ್ಟಿ ಸೇರಿಸಿಕೊಳ್ಳಬೇಕು. ನೂರು ರೂಪಾಯಿಯ ನೋಟುಗಳನ್ನೇ ಒಯ್ದಿದ್ದೆ, ಒಂದು ನೂರಕ್ಕೆ ಅಲ್ಲಿನ 160 ಸಿಗುತ್ತೆ. ಗಡಿಯಾರ 15 ನಿಮಿಷ ಮುಂದೆ ಹೋಗುತ್ತೆ.

ಫೋನ್ ಮಾತ್ರ ಹಿಂದೆಯೇ ಉಳಿಯುತ್ತೆ. ರೋಮಿಂಗ್ ಹಾಕಿಸೋದು ಮರೆತಿದ್ದೆ. ಅಲ್ಲಿ ದಶೈಂ, ಅಂದ್ರೆ ಅವರ ದಸರಾ. ಸಿಮ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಭನ್ಸಾರ್ ಸಾಲಿನಿಂದ ಹೊರಬರೋ ಹೊತ್ತಿಗೆ ಸಂಜೆ, ಬುಟ್ವಲ್‌ನಲ್ಲೇ ಉಳಿದೆ. ಲಾಡ್ಜಿನ ವೈಫೈ ಕೆಟ್ಟಿತ್ತು. ಅದನ್ನು ನಡೆಸುತ್ತಿದ್ದ ಗಂಡ ಹೆಂಡತಿ ಹಬ್ಬದ ಊಟಕ್ಕೆ ತಮ್ಮ ಜೊತೆಗೇ ಕೂರಿಸಿಕೊಂಡರು. ಎರಡನೇ ಡಬ್ಬಿ ಅಲ್ಲಿ ಕೈ ಬದಲಾಯಿಸಿತು.

ಮರುದಿನ ಪಾಲ್ಪಾದ ಚಹಾ ಅಂಗಡಿಯಲ್ಲಿ ವೈಫೈ ಸಿಕ್ಕಿದ್ದೇ ಫೋನ್ ಅದುರೋಕೆ ಶುರುವಾಯ್ತು. ಅಮ್ಮನ 23 ಮಿಸ್ಡ್ ಕಾಲ್. ಮಾಡಿದೆ. ಅತ್ತಿದ್ದಾಳೆ ಅಂತ ದನಿಯಲ್ಲೇ ಗೊತ್ತಾಯ್ತು.

“ನಿಂದು ಸಿಗಲಿಲ್ಲ ಅಂದ್ರೆ ನಾನ್ಯಾರಿಗೆ ಮಾಡ್ಲಿ? ಆ ಮೂರು ಜನದ್ದೂ ನಂಬರ್ ಕಳಿಸು ಈಗ್ಲೇ.”

“ಅವರದ್ದೂ ಅದೇ ಸಿಮ್ಮಮ್ಮ, ಯಾರದ್ದೂ ಸಿಗಲ್ಲ.”

ಆ ಮಾತು ಎಷ್ಟು ಸಲೀಸಾಗಿ ಬಂತು ಅಂದ್ರೆ, ಈಗ ನೆನೆಸಿಕೊಂಡರೂ ಮುಜುಗರ ಆಗುತ್ತೆ.

ಪೊಖರಾದಲ್ಲಿ ಸಿಮ್ ತಗೊಂಡೆ, ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಮಾಡಿಸಿದೆ. ಫೇವಾ ಕೆರೆ ಪಕ್ಕ ಕೂತು ಕಾಫಿ ಕುಡಿದ ಫೋಟೊ ಇದೆ. ಎಲ್ಲರ ಹತ್ತಿರಾನೂ ಇರುತ್ತೆ. ಬೇನಿ ಅನ್ನೋ ಊರು ದಾಟಿದ ಮೇಲೆ ನಿಜವಾದ ದಾರಿ ಶುರು. ಒಂದು ಕಡೆ 8,167 ಮೀಟರ್ ಎತ್ತರದ ಧೌಲಗಿರಿ, ಇನ್ನೊಂದು ಕಡೆ 8,091 ಮೀಟರಿನ ಅನ್ನಪೂರ್ಣ. ಎರಡರ ನಡುವೆ ಸೀಳಿಕೊಂಡು ಹರಿಯೋ ಕಾಳಿ ಗಂಡಕಿ. ಶಾಲಿಗ್ರಾಮ ಸಿಗೋದು ಈ ನದಿಯಲ್ಲೇ. ರಸ್ತೆ ಅಂದರೆ ಕೆಲವು ಕಡೆ ಡಾಂಬರು, ಕೆಲವು ಕಡೆ ಕೆಸರು, ಕೆಲವು ಕಡೆ ಹಿಟ್ಟಿನ ಹಾಗೆ ಏಳೋ ಧೂಳು. ಅಲ್ಲಲ್ಲಿ ಬೆಟ್ಟದ ನೀರು ಅಡ್ಡ ಹರಿಯುತ್ತೆ.

ಆವತ್ತು ಹುಣ್ಣಿಮೆ. ನಮ್ಮ ಕಡೆ ಸೀಗಿ ಹುಣ್ಣಿಮೆ, ಅಲ್ಲಿ ದಶೈಂ ಕೊನೆಯ ದಿನ. ಹಳ್ಳಿಗಳಲ್ಲಿ ಬಿದಿರಿನ ಎತ್ತರದ ಜೋಕಾಲಿ, ಎಲ್ಲರ ಹಣೆಯಲ್ಲೂ ಅಕ್ಕಿ, ಮೊಸರು, ಕುಂಕುಮ ಕಲಸಿದ ದಪ್ಪ ಟೀಕಾ. ಗಾಡಿಗಳೇ ಇರಲಿಲ್ಲ. ರೂಪ್ಸೆ ಜಲಪಾತ ದಾಟಿ ಸ್ವಲ್ಪ ದೂರ, ರಸ್ತೆಗೆ ಅಡ್ಡ ಹರಿಯುತ್ತಿದ್ದ ಒಂದು ತೊರೆಗೆ ಇಳಿಸಿದೆ. ಪಾದ ಮುಳುಗುವಷ್ಟು ನೀರು, ಅಷ್ಟೇ. ಮುಂದಿನ ಚಕ್ರ ಗುಂಡುಕಲ್ಲಿನ ಮೇಲೆ ಜಾರಿತು. ಸುಮಾರು 200 ಕೆಜಿಯ ಬೈಕ್, ಮೇಲೆ ಲಗೇಜು. ಎಡಕ್ಕೆ ವಾಲಿ ಬಿತ್ತು, ನನ್ನ ಕಾಲು ಅಡಿಗೆ.

ಎಂಜಿನ್ ಆಫ್ ಮಾಡಿದೆ. ಕಾಲು ಮುರಿದಿರಲಿಲ್ಲ, ಬೆರಳು ಆಡಿಸೋಕೆ ಬರ್ತಿತ್ತು. ಸ್ಯಾಡಲ್ ಬ್ಯಾಗು ಮೆತ್ತೆಯ ಹಾಗೆ ನಡುವೆ ಇತ್ತು. ಆದರೆ ಎಳೆದುಕೊಳ್ಳೋಕೆ ಆಗಲಿಲ್ಲ. ಐಸ್ ನೀರು ಬೂಟಿನೊಳಗೆ, ಪೆಟ್ರೋಲ್ ವಾಸನೆ, ಫೋನ್ ಟ್ಯಾಂಕ್ ಬ್ಯಾಗಿನಲ್ಲಿ, ಕೈಗೆ ಎಟುಕಲ್ಲ. ಕೂಗಿದೆ. ನದಿಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

ಹದಿನೈದು ನಿಮಿಷ ಇರಬಹುದು, ಇಪ್ಪತ್ತಿರಬಹುದು. ಮೊದಲು ಬಂದಿದ್ದು ಭಯ ಅಲ್ಲ, ಒಂದು ಲೆಕ್ಕ. ನನಗೆ ಇಲ್ಲಿ ಏನಾದರೂ ಆದರೆ, ಅಮ್ಮ ರಾತ್ರಿ ಎಂಟರಿಂದ ಕಾಯ್ತಾಳೆ. ಫೋನ್ ಸಿಗಲ್ಲ. ಆದರೂ ಗಾಬರಿ ಆಗಲ್ಲ, ಜೊತೆಗೆ ಮೂರು ಜನ ಇದ್ದಾರಲ್ಲ ಅಂದ್ಕೋತಾಳೆ. ಅವರು ಹೇಳ್ತಾರೆ, ಅವರು ನೋಡ್ಕೋತಾರೆ ಅಂತ ಇರ್ತಾಳೆ. ಇಲ್ಲದ ಮೂರು ಜನರನ್ನು ನಂಬಿಕೊಂಡು ಎಷ್ಟು ದಿನ ಕಾಯಬಹುದು ಅವಳು? ನಾನು ಒಬ್ಬಳೇ ಇದ್ದೀನಿ ಅನ್ನೋದು ಸಿವನಿಯ ಪಂಕ್ಚರ್ ಅಂಗಡಿಯವನಿಗೆ ಗೊತ್ತು, ಬುಟ್ವಲ್ ಲಾಡ್ಜಿನವರಿಗೆ ಗೊತ್ತು. ತಿಪಟೂರಿನಲ್ಲಿ ಯಾರಿಗೂ ಗೊತ್ತಿಲ್ಲ.

ಜೊಮ್‌ಸೊಮ್ ಕಡೆಯಿಂದ ಒಂದು ಜೀಪು ಬಂತು. ಡ್ರೈವರ್ ಮತ್ತು ಇಬ್ಬರು ಹುಡುಗರು ಇಳಿದು ಬೈಕ್ ಎತ್ತಿದರು. “ಎಕ್ಲೈ, ಬಹಿನಿ?” ಅಂದ ಡ್ರೈವರ್. ಒಬ್ಬಳೇನಾ ತಂಗಿ, ಅಂತ. ತಲೆಯಾಡಿಸಿದೆ. ಕ್ಲಚ್ ಲಿವರ್‌ನ ತುದಿ ಮುರಿದಿತ್ತು, ಎರಡು ಬೆರಳಿಗೆ ಸಾಕಾಗುವಷ್ಟು ಉಳಿದಿತ್ತು. ಊದಿದ ಕಾಲಿನಲ್ಲಿ, ಮೊದಲನೇ ಗೇರಿನಲ್ಲೇ ಘಾಸಾ ತನಕ ಹೋದೆ.

ಘಾಸಾದಲ್ಲಿ ರಸ್ತೆ ಪಕ್ಕದ ಊಟದ ಮನೆ. ನಡೆಸುತ್ತಿದ್ದ ಅಜ್ಜಿ ನನ್ನ ಬೂಟು ತೆಗೆಸಿ ಒಲೆ ಮುಂದೆ ಕೂರಿಸಿದರು. ಬಿಸಿನೀರು, ಉಪ್ಪು, ಆಮೇಲೆ ದಾಲ್ ಭಾತ್. ಊಟ ಆದ ಮೇಲೆ ಒಂದು ತಟ್ಟೆ ತಂದು ನನ್ನ ಹಣೆಗೆ ಟೀಕಾ ಹಚ್ಚಿ, ಕಿವಿಯ ಹಿಂದೆ ಹಳದಿ ಸಸಿ ಸಿಕ್ಕಿಸಿದರು. ಜಮರಾ ಅಂತಾರೆ, ನಮ್ಮ ಉತ್ತರ ಕರ್ನಾಟಕದ ಕಡೆ ನವರಾತ್ರಿಗೆ ಘಟ ಹಾಕಿ ಬೆಳೆಸೋ ಸಸಿಯಂಥದ್ದೇ. ಹಿರಿಯರು ಟೀಕಾ ಇಟ್ಟಾಗ ಕಿರಿಯರಿಗೆ ದಕ್ಷಿಣೆ ಕೊಡಬೇಕಂತೆ. ಹತ್ತು ರೂಪಾಯಿ ನೋಟೊಂದನ್ನು ನನ್ನ ಕೈಯಲ್ಲಿಟ್ಟು ಮುಚ್ಚಿದರು. ಅಲ್ಲಿಯವರೆಗೆ ಬರದ ಅಳು ಆಗ ಬಂತು.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಊಟ ಆಯ್ತಾ ಅಂತ ಅವಳು ಕೇಳೋ ಮೊದಲೇ ಹೇಳಿದೆ. ಎಲ್ಲವನ್ನೂ. ಮೂರು ಜನ ಬರಲೇ ಇಲ್ಲ ಅಂತ, ವಾರಾಣಸಿಯ ಫೋಟೊ, ಬಿದ್ದಿದ್ದು. ಆ ಕಡೆ ಟಿವಿ ಸದ್ದು ನಿಂತಿತು. ಬೈತಾಳೆ ಅಂತ ಕಾದೆ.

“ದಿನಾ ನಾಲ್ಕು ಜನದ ಹೆಸರಲ್ಲಿ ದೀಪ ಹಚ್ತಿದ್ನಲ್ಲೇ” ಅಂದಳು. ಫೋನ್ ಇಟ್ಟಳು.

ಎರಡು ದಿನ ಮಾತಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳ್ತಿತ್ತು, ಉತ್ತರ ಇಲ್ಲ. ಒಂದು ದಿನ ಘಾಸಾದಲ್ಲೇ ಕಾಲಿಗೆ ವಿಶ್ರಾಂತಿ ಕೊಟ್ಟು ಮುಂದೆ ಹೊರಟೆ. ತಿರುಗಿ ಹೋಗಬಹುದಿತ್ತು. ಆದರೆ ಸುಳ್ಳು ಹೇಳಿದ್ದಕ್ಕೆ ತಪ್ಪಾಯ್ತು ಅನ್ನಿಸಿತ್ತೇ ಹೊರತು, ಬಂದಿದ್ದಕ್ಕೆ ಅನ್ನಿಸಿರಲಿಲ್ಲ. ಎರಡೂ ಬೇರೆ ಬೇರೆ ಅಂತ ಅಮ್ಮನಿಗೆ ಹೇಗೆ ಹೇಳೋದು ಅಂತ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಮಾತಾಡಿಕೊಂಡೆ. ಕಾಡು ಮುಗಿದು ಬೋಳು ಬೆಟ್ಟ ಬಂತು, ಮಾರ್ಫಾದಲ್ಲಿ ಬಿಳಿ ಗೋಡೆಯ ಮನೆ, ಸೇಬಿನ ತೋಟ. ಮಧ್ಯಾಹ್ನ ಆಗುತ್ತಲೇ ಕಣಿವೆಯಲ್ಲಿ ಗಾಳಿ ಏಳುತ್ತೆ, ಜೊಮ್‌ಸೊಮ್ ತನಕ ಹಿಂದಿನಿಂದ ನೂಕಿಕೊಂಡು ಹೋಯ್ತು.

ಮುಕ್ತಿನಾಥ 3,700 ಮೀಟರಿಗಿಂತ ಎತ್ತರದಲ್ಲಿದೆ. ಮೆಟ್ಟಿಲು ಹತ್ತೋಕೆ ಕುಂಟು ಕಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ವೈಷ್ಣವರಿಗೆ 108 ದಿವ್ಯದೇಶಗಳಲ್ಲಿ ಒಂದು, ಬೌದ್ಧರಿಗೂ ಪುಣ್ಯಕ್ಷೇತ್ರ. ಗುಡಿಯ ಹಿಂದೆ ಸಾಲಾಗಿ 108 ನೀರಿನ ಬಾಯಿಗಳು. ಎಲ್ಲದರ ಕೆಳಗೂ ಹೋಗಬೇಕು ಅಂತಾರೆ. ನಾನು ನಾಲ್ಕರ ಕೆಳಗೆ ತಲೆ ಒಡ್ಡಿ ಸಾಕು ಮಾಡಿದೆ. ಅಷ್ಟು ತಣ್ಣಗಿತ್ತು. ಹೊರಗೆ ಬಂದು ಬಿಸಿಲಿಗೆ ಕೂತಾಗ ಮೆಸೇಜ್ ಬಂತು.

“ಊಟ ಆಯ್ತಾ. ಈಗ ಎಲ್ಲಿದ್ದೀಯ. ಊರಿನ ಹೆಸರು ಕನ್ನಡದಲ್ಲಿ ಬರಿ.”

ಬರೆದೆ. ಅಲ್ಲಿಂದ ಬೆಂಗಳೂರು ಮುಟ್ಟೋವರೆಗೂ ದಿನಾ ಬರೆದೆ. ಬರ್ತಾ ಘಾಸಾದಲ್ಲಿ ಅಜ್ಜಿಗೆ ಮೂರನೇ ಡಬ್ಬಿ ಕೊಟ್ಟೆ. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕೆಮ್ಮಿದರು, ಆಮೇಲೆ ಇನ್ನೊಂದು ಚಿಟಿಕೆ ತಗೊಂಡರು. ಮುಚ್ಚಳದ ಮೇಲಿನ ಅಕ್ಷರ ಸವರಿ ಇದೇನು ಅಂತ ಕೈಸನ್ನೆ ಮಾಡಿದರು. ನಮ್ಮಜ್ಜಿ ಅಂದೆ.

ದೀಪಾವಳಿಗೆ ತಿಪಟೂರಿಗೆ ಹೋದೆ. ಅಡುಗೆಮನೆ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕದ ಪಕ್ಕ ಅಮ್ಮನ ಟೀಚರ್ ಅಕ್ಷರದಲ್ಲಿ ಕಾಗ್‌ಬೇನಿ, ತಾತೋಪಾನಿ, ಲುಂಬಿನಿ. ಅದರ ಬಗ್ಗೆ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಒಬ್ಬಳೇ ಹೋಗಿದ್ದನ್ನು ಇವತ್ತಿಗೂ ಒಪ್ಪಿಲ್ಲ ಅವಳು. ಒಪ್ತಾಳೆ ಅಂತ ನನಗೂ ಅನ್ನಿಸಲ್ಲ. ನನ್ನ ಬ್ಯಾಗಿನಿಂದ ಖಾಲಿ ಡಬ್ಬಿ ತೆಗೆದು ಸಿಂಕಿಗೆ ಹಾಕಿದಳು.

“ನಾಲ್ಕರ ಸೆಟ್ಟು ಅದು. ಮಿಕ್ಕ ಮೂರೆಲ್ಲಿ?”

“ಒಂದು ಸಿವನಿ, ಒಂದು ಬುಟ್ವಲ್, ಒಂದು ಘಾಸಾ.”

ಅಮ್ಮ ಡಬ್ಬಿ ತೊಳೆದಳು, ಸೆರಗಿನಲ್ಲಿ ಒರೆಸಿದಳು, ಮುಚ್ಚಳದ ಹೆಸರನ್ನು ಸ್ವಲ್ಪ ಹೊತ್ತು ನೋಡಿದಳು.

“ನಿಮ್ಮಜ್ಜಿ ತುಮಕೂರು ದಾಟಿದವಳಲ್ಲ ಕಣೇ” ಅಂದಳು.