ದುರ್ಗದ ಸೀಮೆಯಲ್ಲಿ ಮೂರು ವಾರಗಳು

ದೂರದ ಕ್ಷೇತ್ರಗಳಿಗೂ ಮಹಾನಗರಗಳಿಗೂ ಹೋಗಿಬಂದವರು ಪ್ರವಾಸದ ಲೇಖನವನ್ನು ಬರೆಯುವುದು ವಾಡಿಕೆ. ತಮ್ಮ ಮನೆಯ ಬಾಗಿಲಿನಿಂದ ಒಂದೆರಡು ಗಂಟೆಯ ದಾರಿಯೊಳಗೆ ಸುತ್ತಿಬಂದುದನ್ನು ಬರೆಯುವವರು ಕಡಮೆ. ನಾವು ಈ ಎರಡನೆಯ ಪಂಗಡಕ್ಕೆ ಸೇರಿದವರು. ನಮ್ಮ ಮನೆ ಇರುವುದು ಚಿತ್ರದುರ್ಗದಲ್ಲಿ. 2025ರ ಜನವರಿ ಮಾಸದ ಮೂರು ವಾರಗಳ ಬಿಡುವಿನ ದಿನಗಳಲ್ಲಿ ನಾವು ನೋಡಿದುದು ಊರ ಕೋಟೆಯನ್ನು, ಅದರಾಚೆಯ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳನ್ನು ಮಾತ್ರ. ಆದರೂ ಈ ಅಲ್ಪ ಸಂಚಾರದಿಂದ ನಮಗೆ ತಿಳಿದ ಒಂದು ವಿಷಯವು ಬೇರೆ ಮನೆಗಳವರಿಗೂ ಪ್ರಯೋಜನವಾದೀತೆಂದು ಬಗೆದು ಇದನ್ನು ಬರೆಯುತ್ತಿದ್ದೇವೆ.

ಹೊರಟವರು ಯಾರೆಂಬುದನ್ನು ಮೊದಲು ಹೇಳತಕ್ಕುದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗ, ಒಂಬತ್ತು ವರ್ಷದ ಮೊಮ್ಮಗಳು. ಇವರೊಡನೆ ಎಂಬತ್ತನಾಲ್ಕು ವರ್ಷದ ನಮ್ಮ ಮಾತೃಶ್ರೀಯವರು. ಅವರು ಹಿರಿಯೂರಿನ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಮಾರಿಕಣಿವೆಯ ಕೆರೆ ಕೋಡಿ ಬಿದ್ದುದನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಬಹುಕಾಲದ ಆಸೆ. 1933ರಲ್ಲಿ ಅದು ಕೋಡಿ ಬಿದ್ದಾಗ ಅವರ ತಂದೆಯವರು ನೋಡಿದ್ದರಂತೆ. ಇವರು ಆಗ ಹುಟ್ಟಿರಲಿಲ್ಲ. ಅದಾದ 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ, ಕೆರೆ ಮತ್ತೆ ತುಂಬಿ ಹರಿಯಿತು. ಆಗ ಇವರು ಸೊಂಟದ ಮೂಳೆ ಮುರಿದು ಮಲಗಿದ್ದರು. ಟೀವಿಯಲ್ಲಿ ತೋರಿಸಿದೆವು. ನೋಡಿ, “ಇದು ನೋಡಿದ ಹಾಗಾಗಲಿಲ್ಲ ಕಣಪ್ಪ” ಎಂದು ಆ ಕಡೆಗೆ ತಿರುಗಿ ಮಲಗಿದರು. ಈ ಸಲ ಕೆರೆ ತುಂಬುತ್ತ ಬಂದಿದೆಯೆಂದು ಕೇಳಿದಂದಿನಿಂದ ಅವರ ಊಟದಲ್ಲಿಯೂ ನಡೆಯಲ್ಲಿಯೂ ಒಂದು ಚುರುಕು ಕಾಣಿಸಿತು. ಮುಂದಿನ ಸಲದವರೆಗೆ ಕಾಯುವ ವಯಸ್ಸು ಅವರದಲ್ಲವೆಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮೊದಲನೆಯ ವಾರ ಕೋಟೆಯನ್ನು ನೋಡುವುದೆಂದಾಯಿತು. ಹಿಂದಿನ ರಾತ್ರಿಯೇ ಮಕ್ಕಳು ಮೊಬೈಲಿನಲ್ಲಿ ‘ನಾಗರಹಾವು’ ಚಿತ್ರವನ್ನು ನೋಡಿದ್ದರು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಆ ಚಿತ್ರವು 1972ರಲ್ಲಿ ತೆರೆಗೆ ಬಂದಿತು. ಅದರಲ್ಲಿ ಜಯಂತಿಯವರು ಒನಕೆ ಓಬವ್ವನಾಗಿ ನಿಂತ ಮೇಲೆ ಕನ್ನಡನಾಡಿನ ಮನೆಮನೆಯ ಮಕ್ಕಳಿಗೂ ಓಬವ್ವನ ಮುಖವೆಂದರೆ ಅದೇ ಮುಖವಾಗಿದೆ. ಬೇರೆ ಜಿಲ್ಲೆಗಳಿಂದ ಬರುವವರಲ್ಲಿ ಅನೇಕರು ಕೋಟೆಯ ಬಾಗಿಲಲ್ಲಿ ಮೊದಲು ಕೇಳುವುದು, “ಓಬವ್ವನ ಕಿಂಡಿ ಎಲ್ಲಿ?” ಎಂದು. ಒಂದು ಸಿನೆಮಾ ಐವತ್ತು ವರ್ಷಗಳಿಂದ ಒಂದು ಊರಿಗೆ ಜನರನ್ನು ಕಳುಹಿಸುತ್ತಿರುವುದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಕಿಂಡಿಯ ಬಳಿ ನಿಂತಾಗ ಮಕ್ಕಳಿಗೆ ಬೇರೊಂದು ಸಂಗತಿ ಹೊಳೆಯಿತು. ಬಂಡೆಗಳ ನಡುವಣ ಆ ಸಂದಿನಲ್ಲಿ ಒಂದು ಸಲಕ್ಕೆ ಒಬ್ಬನು, ಅದೂ ಮೈಯನ್ನು ಕುಗ್ಗಿಸಿಕೊಂಡು, ತಲೆಯನ್ನು ಮುಂದೆ ಮಾಡಿ ಬರಬೇಕು. ಮೊಮ್ಮಗನು ತಾನೇ ಹಾಗೆ ನುಸುಳಿ ಹೊರಬಂದು, “ತಾತ, ಒಬ್ಬಳೇ ಹೇಗೆ ಹೊಡೆದಳು ಅಂತ ಈಗ ಗೊತ್ತಾಯಿತು” ಎಂದನು. ಸಿನೆಮಾ ಅವನಿಗೆ ಓಬವ್ವನ ಧೈರ್ಯವನ್ನು ತಿಳಿಸಿತ್ತು. ಆಕೆಯ ಬುದ್ಧಿಯನ್ನು ತಿಳಿಸಿದುದು ಆ ಸಂದು.

ಮಾತೃಶ್ರೀಯವರು ಮೆಟ್ಟಿಲೇರಲಾರದೆ ಕೆಳಗೆ, ಮೊದಲ ಬಾಗಿಲ ನೆರಳಿನಲ್ಲಿ, ಸೊಸೆಯೊಡನೆ ಕುಳಿತಿದ್ದರು. ಮೊಮ್ಮಗಳು ಮೇಲಿನಿಂದ ವಿಡಿಯೋ ಕರೆ ಮಾಡಿ ಕಿಂಡಿಯನ್ನು ತೋರಿಸಿದಳು. ಅವರು ಕೇಳಿದ ಪ್ರಶ್ನೆ ಒಂದೇ: “ಅವಳು ಅಲ್ಲಿಗೆ ಯಾಕೆ ಹೋಗಿದ್ದಳು ಮಗು?” ಕಾವಲಿನ ಗಂಡನು ಊಟಕ್ಕೆ ಕುಳಿತಿರಲು ಆಕೆ ನೀರಿಗೆಂದು ಹೋದಳೆಂಬುದು ಐತಿಹ್ಯ. ಹಾಗೆಂದಾಗ, “ಹಾಗಾದರೆ ಆ ನೀರನ್ನು ತೋರಿಸು” ಎಂದರು. ಮೊಮ್ಮಗಳು ಹತ್ತಿರದ ತಣ್ಣೀರು ದೋಣಿಯನ್ನು ತೋರಿಸಿದಳು. ಅಲ್ಲಿಂದ ಗೋಪಾಲಸ್ವಾಮಿ ಹೊಂಡಕ್ಕೂ ಅಕ್ಕತಂಗಿಯರ ಹೊಂಡಕ್ಕೂ ಹೋದೆವು. ಬಂಡೆಗಳ ಮೇಲೆ ಬಿದ್ದ ಮಳೆಯ ನೀರನ್ನು ಪೋಲಾಗಗೊಡದೆ, ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ ಇಳಿಯುವಂತೆ ಮಾಡಿದ ಏರ್ಪಾಡು ಅದು. ಏಳು ಸುತ್ತಿನ ಕೋಟೆಯೆಂದು ಹೆಮ್ಮೆಪಡುವ ನಾವು, ಆ ಸುತ್ತುಗಳೊಳಗಿನ ಜನ ಏನು ಕುಡಿದು ಬಾಳಿದರೆಂದು ಕೇಳುವುದು ಅಪರೂಪ. ಮದಕರಿನಾಯಕನ ದುರ್ಗವು 1779ರಲ್ಲಿ ಹೈದರಾಲಿಯ ವಶವಾಯಿತು; ಹೊಂಡಗಳು ಮಾತ್ರ ಇಂದಿಗೂ ಮಳೆಯನ್ನು ಹಿಡಿಯುತ್ತಿವೆ. ಕೋಟೆಯ ಬೆಟ್ಟಗಳ ಹಿಂದಣ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನವು ಹೇಳುವುದೂ ಒಂದು ಕೆರೆಯ ವಿಷಯವನ್ನೇ.

ಎರಡನೆಯ ವಾರ ಹೊಳಲ್ಕೆರೆಯ ದಾರಿಯನ್ನು ಹಿಡಿದೆವು. ಅಲ್ಲಿಯ ಬಯಲು ಗಣಪತಿಯ ಚಿತ್ರವನ್ನು ಮಕ್ಕಳು ಅದೆಷ್ಟೋ ಸಲ ಫೋನಿನಲ್ಲಿ ಕಂಡಿದ್ದರೂ, ಆ ದೊಡ್ಡ ಮೂರ್ತಿಯ ಪಾದದ ಬಳಿ ನಿಂತು ಕತ್ತೆತ್ತಿದಾಗ ಸುಮ್ಮನಾದರು. ಅಂಗೈಯಗಲದ ಗಾಜಿನಲ್ಲಿ ಬೆಟ್ಟವೂ ಒಂದೇ ಅಳತೆ, ಬೆಣಚುಕಲ್ಲೂ ಒಂದೇ ಅಳತೆ. ಆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ ಬೆಳೆಸಿದ ರಾಘವೇಂದ್ರ ಸ್ವಾಮಿಗಳು 1996ರಲ್ಲಿ ಕಾಲವಾದರು. ‘ತಿರುಕ’ ಎಂಬ ಹೆಸರಿನಿಂದ ಗ್ರಂಥಗಳನ್ನು ಬರೆದು, ಜೋಳಿಗೆ ಹಿಡಿದು, ಜನರಿಗೆ ಯೋಗಾಸನಗಳನ್ನು ಕಲಿಸಿದ ಮಹನೀಯರು ಅವರು. ಪ್ರತಿದಿನ ಪ್ರಾತಃಕಾಲ ಮೊಬೈಲನ್ನು ಗೋಡೆಗೆ ಒರಗಿಸಿ ಆಸನ ಹಾಕುವ ನಮ್ಮ ಸೊಸೆಯು ಇದನ್ನು ಕೇಳಿ, “ನನ್ನ ಬೆನ್ನು ಬಗ್ಗಿರುವುದನ್ನು ಈ ಫೋನು ಒಂದು ದಿನವೂ ತಿದ್ದಿಲ್ಲ” ಎಂದು ನಕ್ಕಳು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವಿದೆ. ಅಲ್ಲಿಯ ಶಿವಸಂಚಾರವೆಂಬ ತಂಡವು 1997ರಿಂದ ವರ್ಷವರ್ಷವೂ ಹೊಸ ನಾಟಕಗಳನ್ನು ಕಲಿತು ಊರೂರಿಗೆ ಹೋಗಿ ಆಡುತ್ತಿದೆ. ನಾವು ಹೋದ ದಿನ ನಾಟಕವಿರಲಿಲ್ಲ. ಬರಿದಾದ ಮೆಟ್ಟಿಲುಗಳ ಮುಂದೆ ನಿಂತು ಮೊಮ್ಮಗಳು ತನ್ನ ಶಾಲೆಯ ನಾಟಕದ ನಾಲ್ಕು ಮಾತುಗಳನ್ನು ಹೇಳಿದಳು. ಕಿವಿ ಮಂದವಾದ ಮುತ್ತಜ್ಜಿಗೆ ಕೇಳಿಸಲಿಲ್ಲವೆಂದು ತಿಳಿದು ಮತ್ತೆ ಗಟ್ಟಿಯಾಗಿ ಹೇಳಿದಳು. ಮೂರನೆಯ ಸಲಕ್ಕೆ ಅವರು ಚಪ್ಪಾಳೆ ತಟ್ಟಿದರು. ಎದುರಿಗಿರುವವರ ಮುಖವನ್ನು ನೋಡಿ ದನಿಯನ್ನು ಏರಿಸುವ ಈ ವಿದ್ಯೆ ಯಾವ ಯಂತ್ರಕ್ಕೂ ಬಂದಂತಿಲ್ಲ.

ಅಲ್ಲಿಂದ ಹೊಸದುರ್ಗದ ಕಡೆಗೆ ಬಂದು ವೇದಾವತಿಯ ದಡದಲ್ಲಿ ಬುತ್ತಿ ಬಿಚ್ಚಿದೆವು. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿಯುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕೂಡಿ ಆದ ನದಿ ಇದು. ಭದ್ರೆಯ ನೀರೂ 2019ರಿಂದ ಇದನ್ನು ಸೇರಿ ಕೆಳಗಿನ ಜಲಾಶಯಕ್ಕೆ ಹೋಗುತ್ತಿದೆ. ಊಟದ ನಡುವೆ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಬಂದಿತು: ಕಟ್ಟೆಯುದ್ದಕ್ಕೂ ಸಾಲುಸಾಲಾಗಿ ತೆರೆದ ಬಾಗಿಲುಗಳು, ಅವುಗಳಿಂದ ಭೋರ್ಗರೆವ ನೀರು, ಕೆಳಗೆ “ಮಾರಿಕಣಿವೆ ತುಂಬಿತು” ಎಂಬ ಒಕ್ಕಣೆ. ಮಕ್ಕಳು ಕುಣಿದಾಡಿದರು. ಫೋನನ್ನು ಮಾತೃಶ್ರೀಯವರ ಕೈಗೆ ಕೊಟ್ಟೆವು. ಅವರು ಕನ್ನಡಕವನ್ನು ಸರಿಮಾಡಿಕೊಂಡು ನೋಡಿ, “ಇದು ಮಾರಿಕಣಿವೆಯಲ್ಲ. ನಮ್ಮ ಕಟ್ಟೆಗೆ ಇಷ್ಟೊಂದು ಬಾಗಿಲು ಎಲ್ಲಿಂದ ಬಂತು? ಅಲ್ಲಿ ಹೆಚ್ಚಾದ ನೀರು ಪಕ್ಕದ ಕೋಡಿಯಲ್ಲಿ ಹರಿದು ಹೋಗುತ್ತದೆ. ಅಪ್ಪ ಹೇಳುತ್ತಿದ್ದರು” ಎಂದರು. ಮೊಮ್ಮಗನು ಆ ಫೋನಿನಲ್ಲಿಯೇ ಹುಡುಕಿ ನೋಡಲು, ಅದು ಬೇರೊಂದು ಅಣೆಕಟ್ಟಿನ ಹಳೆಯ ಚಿತ್ರವೆಂದು ತಿಳಿಯಿತು. ಕೆರೆ ತುಂಬಿದ ಸುದ್ದಿ ಮಾತ್ರ ನಿಜವಾಗಿತ್ತು.

1933ರಲ್ಲಿ ಒಬ್ಬ ರೈತನು ಕಂಡುದು ಮಗಳ ಬಾಯಿಂದ ನಮ್ಮ ಬುತ್ತಿಯ ಎಲೆಯವರೆಗೆ ತಪ್ಪಿಲ್ಲದೆ ಬಂದಿತ್ತು. ಅರ್ಧ ಗಂಟೆಯ ಹಿಂದೆ ಹೊರಟ ಚಿತ್ರ ದಾರಿ ತಪ್ಪಿತ್ತು. ಇದರಿಂದ ಫೋನನ್ನು ಹಳಿಯುವಂತೆಯೂ ಇಲ್ಲ. ಸುಳ್ಳನ್ನು ತಂದುದೂ ಅದೇ, ಅನುಮಾನ ಬಂದೊಡನೆ ಸುಳ್ಳೆಂದು ತೋರಿಸಿಕೊಟ್ಟುದೂ ಅದೇ. ಆ ಅನುಮಾನವನ್ನು ಹುಟ್ಟಿಸಲು ಮಾತ್ರ ಪಕ್ಕದಲ್ಲಿ ಒಬ್ಬರು ತಿಳಿದವರು ಬೇಕಾಯಿತು.

ಮೂರನೆಯ ವಾರ ಹಿರಿಯೂರಿಗೆ ಹೋದೆವು. ಎರಡು ಗುಡ್ಡಗಳ ನಡುವೆ ವೇದಾವತಿ ನುಗ್ಗುವ ಕಣಿವೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆಯನ್ನು 1898ರಲ್ಲಿ ತೊಡಗಿ 1907ರಲ್ಲಿ ಮುಗಿಸಿದರು. ಆಗ ರಾಜ್ಯಭಾರವನ್ನು ವಹಿಸಿಕೊಂಡಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಟ್ಟರು. ಕಣಿವೆಯ ಮಾರಮ್ಮನಿಂದ ಬಂದ ಮಾರಿಕಣಿವೆಯೆಂಬ ಹೆಸರನ್ನು ಜನರು ಬಿಡಲಿಲ್ಲ. ಕೆರೆಯ ಪೂರ್ಣ ಮಟ್ಟ 130 ಅಡಿ. ಹಿಡಿಯುವ ನೀರು ಸುಮಾರು 30 ಟಿಎಂಸಿ. ಚಿತ್ರದುರ್ಗದ ನಮ್ಮ ನಲ್ಲಿಗಳಿಗೂ ಇಲ್ಲಿಯ ನೀರು ಬರುವುದು.

ಕೋಡಿಯ ಬಳಿ ಜಾತ್ರೆಯಷ್ಟು ಜನ. ಬಹುಮಂದಿ ನೀರಿಗೆ ಬೆನ್ನು ಮಾಡಿ ತಮ್ಮ ಮುಖಗಳನ್ನು ಫೋನಿನಲ್ಲಿ ಸೆರೆಹಿಡಿಯುತ್ತಿದ್ದರು. ನಮ್ಮ ಮಗನು ಮಡಿಸುವ ಕುರ್ಚಿಯೊಂದನ್ನು ಹಾಕಿ ಮಾತೃಶ್ರೀಯವರನ್ನು ಕೂರಿಸಿದನು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪ ಈ ಸದ್ದನ್ನೂ ಹೇಳಿದ್ದರು. ಟೀವಿಯಲ್ಲಿ ಬರೀ ಅವರ ಮಾತೇ, ನೀರಿನ ಸದ್ದನ್ನು ಕೇಳಗೊಡಲಿಲ್ಲ” ಎಂದರು. ಮತ್ತೆ ತಾವಾಗಿಯೇ ಕೆರೆ ತಳ ಕಂಡ ಬರಗಾಲದ ಮಾತನ್ನು ತೆಗೆದರು: ತವರಿನ ತೋಟದ ತೆಂಗಿನ ಮರಗಳು ಸುಳಿ ಒಣಗಿ ಒಂದೊಂದಾಗಿ ನಿಂತಲ್ಲೇ ಸತ್ತುದು, ಅಣ್ಣನವರು ಬಿಂದಿಗೆಯಲ್ಲಿ ನೀರು ಹೊತ್ತು ಮನೆಯ ಹಿಂದಣ ಎರಡೇ ಮರಗಳನ್ನು ಉಳಿಸಿಕೊಂಡುದು. ಮೊಮ್ಮಗನು ಯಾರೂ ಹೇಳದೆಯೇ ಫೋನನ್ನು ಅವರ ಮಡಿಲ ಮೇಲಿಟ್ಟು ಆ ಮಾತುಗಳನ್ನೆಲ್ಲ ಮುದ್ರಿಸಿಕೊಂಡನು. ಹನ್ನೊಂದು ನಿಮಿಷದ ಆ ಮಾತಿನ ಹಿಂದೆ ಉದ್ದಕ್ಕೂ ಕೋಡಿಯ ಸದ್ದಿದೆ.

ಗೃಹಸ್ಥರಾದ ವಾಚಕರಿಗೆ ನಮ್ಮ ಸೂಚನೆ ಇಷ್ಟೇ. ಸಂಚಾರಕ್ಕೆ ಹೊರಡುವ ಮುನ್ನ ಸಿನೆಮಾ, ಪುಸ್ತಕ, ಫೋನು ಯಾವುದನ್ನಾದರೂ ಮಕ್ಕಳಿಗೆ ತೋರಿಸಿರಿ. ಆದರೆ ಆ ಸ್ಥಳವನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಿರಿ, ಕಾಲು ನಡೆಯದಿದ್ದರೆ ಬಾಗಿಲವರೆಗಾದರೂ. ಅವರು ಆಡಿದುದನ್ನು ಮುದ್ರಿಸಿ, ಊರು, ದಿನ, ಆಡಿದವರ ಹೆಸರುಗಳನ್ನು ಬರೆದಿಡಿರಿ. ನಮ್ಮ ಮಾತೃಶ್ರೀಯವರ ಮಾತಿನ ಒಂದು ಪ್ರತಿ ದುರ್ಗದಲ್ಲಿ ನಮ್ಮ ಬಳಿಯೂ ಒಂದು ಪ್ರತಿ ಬೆಂಗಳೂರಿನಲ್ಲಿ ಮಕ್ಕಳ ಬಳಿಯೂ ಇದೆ. ಕಟ್ಟೆಗೆ ಬಾಗಿಲುಗಳುಂಟೋ ಇಲ್ಲವೋ ಎಂದು ಇನ್ನು ಅರವತ್ತು ವರ್ಷಗಳ ಮೇಲೆ ಯಾರಾದರೂ ಕೇಳಿದರೆ, ಉತ್ತರ ಹೇಳಬಲ್ಲವರು ಇಬ್ಬರು ಆ ಮನೆಯಲ್ಲಿದ್ದಾರೆ.